ಬೊಳ್ಳಮ್ಮನ ಅಂಗಳದ ಉತ್ತಯ್ಯ

ನಾನು ಆ ಊರಿಗೆ ಶಾಲೆ ಮೇಷ್ಟ್ರಾಗಿ ಹೋದ ಮೊದಲ ಬೆಳಿಗ್ಗೆ, ಪಕ್ಕದ ಮನೆಯ ಹೆಂಗಸೊಬ್ಬರು ಊರಿನ ದೊಡ್ಡ ಮನುಷ್ಯರನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿಕೊಂಡು ಬೈಯುತ್ತಿದ್ದರು. "ಪೂವಯ್ಯ, ಬೇಲಿ ದಾಟ್ಬೇಡ ಹೇಳಿದೆ. ಶ್ಯಾನುಭೋಗ, ಆ ಮಡಕೆಯಿಂದ ಮೂತಿ ತೆಗಿ. ಉತ್ತಯ್ಯ, ನೀನು ಇಲ್ಲಿ ಬಾ, ಕಿವಿಯಲ್ಲಿ ಉಣ್ಣಿ ಉಟ್ಟು." ಹಲ್ಲುಜ್ಜುತ್ತಿದ್ದ ನಾನು ಹಾಗೇ ನಿಂತೆ. ಉತ್ತಯ್ಯ ಅಂದರೆ ಊರಿನ ಪಟೇಲರು. ಹಿಂದಿನ ಸಂಜೆಯಷ್ಟೇ ಅವರ ಜಗಲಿಯಲ್ಲಿ ಕೈಕಟ್ಟಿ ನಿಂತು ಶಾಲೆಯ ಬೀಗದ ಕೈ ಇಸಿದುಕೊಂಡು ಬಂದಿದ್ದೆ. ಅವರ ಕಿವಿಯಲ್ಲಿ ಉಣ್ಣಿ ಇದ್ದದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಬೇಲಿಯ ಮೇಲಿಂದ ಇಣುಕಿ ನೋಡಿದರೆ ಅಲ್ಲಿದ್ದದ್ದು ಮೂರು ನಾಯಿಗಳು.

ನನ್ನ ಹೆಸರು ನಾಗರಾಜು. ನಮ್ಮದು ಕುಶಾಲನಗರದ ಕಡೆ, ಅಪ್ಪ ಹಾಸನದಿಂದ ಬಂದು ಅಲ್ಲಿ ಗದ್ದೆ ಮಾಡಿದವರು. ಚೇರಂಬಾಣೆಯ ಆಚೆಗಿರುವ ಈ ಊರಿಗೆ ನನಗೆ ವರ್ಗವಾದದ್ದು ೧೯೫೩ರಲ್ಲಿ. ಆಗ ಕೊಡಗು ಇನ್ನೂ ತನ್ನದೇ ಒಂದು ರಾಜ್ಯ. ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಎಲ್ಲ ಕಡೆ ಮಾತು ನಡೆಯುತ್ತಿತ್ತು. ಈ ಊರಿನ ಚಾ ಅಂಗಡಿಯಲ್ಲಿ ಆ ವಿಷಯ ಒಂದು ಲೋಟ ಮುಗಿಯುವಷ್ಟರಲ್ಲಿ ಮುಗಿಯುತ್ತಿತ್ತು. ಪಕ್ಕದ ಮನೆಯ ಬೊಳ್ಳಮ್ಮನ ನಾಯಿಗಳ ಹೆಸರಿನ ವಿಷಯ ಎತ್ತಿದರೆ ಮೂರು ಲೋಟವೂ ಸಾಲುತ್ತಿರಲಿಲ್ಲ.

ಬೊಳ್ಳಮ್ಮನಿಗೆ ಆಗ ನಲವತ್ತರ ಆಸುಪಾಸು. ಮಕ್ಕಳಿಲ್ಲ. ಗಂಡ ದೇರಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಪಟೇಲ ಉತ್ತಯ್ಯ ಆ ದೇರಪ್ಪನ ಖಾಸಾ ಅಣ್ಣ, ಅಂದರೆ ಈಕೆಗೆ ಭಾವ. ಅಲ್ಲಿಯ ಗೌಡರ ಮನೆಗಳಲ್ಲಿ ಹೆಂಗಸು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಭಾವನ ಹೆಸರನ್ನೂ ಹೇಳುವಂತಿಲ್ಲ. ಬೊಳ್ಳಮ್ಮ ಮೊದಲನೆಯದನ್ನು ನಿಯಮ ತಪ್ಪದೆ ಪಾಲಿಸುತ್ತಿದ್ದರು, ಗಂಡನ ಮಾತು ಬಂದರೆ "ನಮ್ಮ ಮನೆಯವರು" ಅಂತಲೇ ಅನ್ನುತ್ತಿದ್ದರು. ಎರಡನೆಯದನ್ನು ಮಾತ್ರ ದಿನಕ್ಕೆ ಇಪ್ಪತ್ತು ಸಲ, ಆಚೆ ಬದಿಯ ಗದ್ದೆಗೆ ಕೇಳುವ ಹಾಗೆ, ಕೂಗುತ್ತಿದ್ದರು.

ಆಕೆಯ ಪದ್ಧತಿ ಸರಳ. ಯಾರಿಂದ ತನಗೆ ಅನ್ಯಾಯವಾಯಿತೋ, ಮುಂದೆ ಹುಟ್ಟುವ ಮರಿಗೆ ಅವರ ಹೆಸರು. ಪಕ್ಕದ ತೋಟದ ಪೂವಯ್ಯ ಒಂದು ಮಳೆಗಾಲದಲ್ಲಿ ಬೇಲಿಯನ್ನು ಒಂದು ಮಾರು ಈಚೆಗೆ ಸರಿಸಿದ, ಬೊಳ್ಳಮ್ಮ ನಾಯಿಗೆ ಪೂವಯ್ಯ ಅಂತ ಹೆಸರಿಟ್ಟರು. ಪೂವಯ್ಯ ಪಂಚಾಯಿತಿ ಸೇರಿಸಿದ. ಪಂಚಾಯಿತಿಯವರು ಅರ್ಧ ದಿನ ಕೂತು, ಎಲೆ ಅಡಿಕೆ ಜಗಿದು, ಬೇಲಿಯನ್ನು ಹಿಂದಕ್ಕೆ ಹಾಕಿದರೆ ಹೆಸರನ್ನೂ ಹಿಂದಕ್ಕೆ ಪಡೆಯಬೇಕು ಎಂದು ತೀರ್ಮಾನ ಕೊಟ್ಟರು. ಪೂವಯ್ಯ ಒಂದು ವಾರ ಯೋಚಿಸಿ, ಬೇಲಿ ಅಲ್ಲೇ ಇರಲಿ, ನಾಯಿಯನ್ನು ಏನಂತಲಾದರೂ ಕರೆದುಕೊಳ್ಳಲಿ ಅಂದ. ಇಂಥ ಮನುಷ್ಯನ ಹೆಸರಿಟ್ಟದ್ದಕ್ಕೆ ಆ ನಾಯಿಯೇ ಪಂಚಾಯಿತಿ ಕರೆಯಬೇಕಿತ್ತು.

ಊರಿನಲ್ಲಿ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ನಾಯಿಗೆ ಮನುಷ್ಯರ ಹೆಸರಿಟ್ಟರೆ ಹೆಸರಿನವನ ಆಯಸ್ಸು ಕಡಿಮೆಯಾಗುತ್ತದೆ ಎಂದು ಅರ್ಚಕರು. ಇಲ್ಲ, ದೃಷ್ಟಿ ನಾಯಿಗೆ ತಗಲುವುದರಿಂದ ಆಯಸ್ಸು ಹೆಚ್ಚುತ್ತದೆ ಎಂದು ಚಾ ಅಂಗಡಿಯ ಸೋಮಿ. ಸೋಮಿಗೆ ಇನ್ನೊಂದು ಹೊಟ್ಟೆಯುರಿ ಇತ್ತು. ಅವನು ಎಷ್ಟು ಸಲ ಬೊಳ್ಳಮ್ಮನಿಗೆ ಎದುರು ಮಾತಾಡಿದರೂ ಅವನ ಹೆಸರಿನ ಮರಿ ಹುಟ್ಟಲಿಲ್ಲ. ಊರಲ್ಲಿ ತನ್ನನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ ಎಂದು ನನ್ನ ಹತ್ತಿರ ದುಃಖ ತೋಡಿಕೊಂಡಿದ್ದ.

ಮೇಷ್ಟ್ರಾದ ಮೇಲೆ ನನಗೂ ಒಂದು ಅಭಿಪ್ರಾಯ ಇರಲೇಬೇಕಲ್ಲ. ಒಂದು ಭಾನುವಾರ ಬೇಲಿಯ ಬಳಿ ಹೋಗಿ ಉಪದೇಶ ಶುರುಮಾಡಿದೆ. "ಬೊಳ್ಳಕ್ಕ, ನಾಯಿಗೆ ನಾಯಿ ಹೆಸರೇ ಚಂದ. ಕರಿಯ ಅನ್ನಿ, ಎಲ್ಲರೂ ಅನ್ನೋದಿಲ್ವಾ?"

ಆಕೆ ಅಕ್ಕಿ ಕೇರುವುದನ್ನು ನಿಲ್ಲಿಸಲೂ ಇಲ್ಲ. "ಭಾವನ ತೋಟದಲ್ಲಿ ಕರಿಯ ಅಂತ ಆಳು ಇದ್ದಾನೆ, ಅವನನ್ನು ಕೇಳಿದ್ದೀರಾ ಮೇಷ್ಟ್ರೆ? ಈ ಊರಲ್ಲಿ ಏಳು ನಾಯಿಗೆ ಅವನ ಹೆಸರುಟ್ಟು. ಅವನ ಮಾನ ಹೋಯ್ತು ಅಂತ ಯಾರೂ ಪಂಚಾಯಿತಿ ಸೇರಿಸಿಲ್ಲೆ."

ನಾನು ಮನೆಗೆ ಬಂದೆ. ನನಗೆ ನಾಚಿಕೆಯಾಗಿತ್ತು, ಸಿಟ್ಟೂ ಬಂದಿತ್ತು. ನಾಚಿಕೆಯಾದಾಗ ನನಗೆ ಸಿಟ್ಟು ಬರುವುದು ಹುಟ್ಟುಗುಣ.

ಸೆಪ್ಟೆಂಬರ್ ಬಂತು, ನಾಟಿ ಮುಗಿಯಿತು. ಕೈಲು ಮುಹೂರ್ತ, ಅಂದರೆ ಕೋವಿಗಳನ್ನು ಹೊರತೆಗೆದು ಪೂಜೆ ಮಾಡುವ ಹಬ್ಬ. ಅದಾದ ಮೇಲೆ ಊರಿಗೆ ಊರೇ ಹಂದಿ ಬೇಟೆಗೆ ಹೋಗುತ್ತದೆ. ಮಾಂಸ ಹಂಚುವುದಕ್ಕೆ ಹಿರಿಯರು ಮಾಡಿಟ್ಟ ಕ್ರಮವಿದೆ. ಕೋವಿ ತಂದ ಮನೆಗೆ ಕೋವಿ ಪಾಲು, ಕಾಡಿನಲ್ಲಿ ಕೂಗಿ ಹಂದಿ ಎಬ್ಬಿಸಿದವರಿಗೆ ಒಂದು ಪಾಲು, ನಾಯಿ ಕಳಿಸಿದ ಮನೆಗೆ ನಾಯಿ ಪಾಲು. ಬಾಳೆ ಎಲೆಗಳ ಮೇಲೆ ಪಾಲು ಇಟ್ಟು ಪಟೇಲರು ಮೊದಲು ಕೋವಿಯವನ ಅಥವಾ ನಾಯಿಯ ಹೆಸರು, ಆಮೇಲೆ ಮನೆಯ ಹೆಸರು ಕೂಗಬೇಕು. ಆ ಮನೆಯವರು "ಓ" ಅಂದು ಎತ್ತಿಕೊಳ್ಳಬೇಕು. ಹಾಗೆ ಕೂಗಿಸಿಕೊಂಡ ಮನೆ ಊರಿನಲ್ಲಿ ಮನೆ. ಕೂಗಿಸಿಕೊಳ್ಳದ ಮನೆ ಇನ್ನೊಬ್ಬರ ಮನೆಯ ಹಿತ್ತಿಲಿಗೆ ಸಮ.

ದೇರಪ್ಪ ಸತ್ತ ಮೇಲೆ ಅವನ ಕೋವಿ ಅಣ್ಣನ ಮನೆ ಸೇರಿತ್ತು. ಅಲ್ಲಿಂದ ನಾಲ್ಕು ವರ್ಷ "ದೇರಪ್ಪನ ಮನೆ" ಎಂದು ಯಾರೂ ಕೂಗಿರಲಿಲ್ಲ. ಈ ಸಲ ಬೊಳ್ಳಮ್ಮನ ಕೆಂಚು ನಾಯಿ ಬೇಟೆಗೆ ತಯಾರಾಗಿತ್ತು. ಅದನ್ನು ಎರಡು ವರ್ಷ ಆಕೆಯೇ ಪಳಗಿಸಿದ್ದರು. ಹೆಸರು ಹಿಡಿದು ಕರೆಯುವ ತನಕ ಹಂದಿಯ ಮೇಲೆ ನುಗ್ಗಬಾರದು ಎನ್ನುವುದು ಅದರ ಮೊದಲ ಪಾಠ, ಯಾಕೆಂದರೆ ದೇರಪ್ಪನ ಕಾಲದ ನಾಯಿಯೊಂದು ಕರೆಯುವ ಮುಂಚೆಯೇ ನುಗ್ಗಿ ಕೋರೆಗೆ ಸಿಕ್ಕಿ ಸತ್ತಿತ್ತು. ಕೆಂಚು ನಾಯಿಯ ಹೆಸರು ಉತ್ತಯ್ಯ. ಪಾಲು ಕೂಗಬೇಕಾದವರೂ ಉತ್ತಯ್ಯ.

ಹಬ್ಬದ ಹಿಂದಿನ ದಿನ ಪಟೇಲರು ಹೇಳಿ ಕಳಿಸಿದರು: ನಾಯಿಯ ಹೆಸರು ಬದಲಿಸಿದರೆ ಪಾಲು ಕೂಗುತ್ತೇನೆ, ಇಲ್ಲದಿದ್ದರೆ ಇಲ್ಲ. ಆ ಮಾತನ್ನು ತಂದ ಬೃಹಸ್ಪತಿ ನಾನೇ.

"ಹೆಸರು ತಾನೇ ಬೊಳ್ಳಕ್ಕ, ಬದಲಿಸಿಬಿಡಿ," ಅಂದೆ. "ನಿಮಗೆ ಬೇಕಾದ್ದು ಮನೆ ಕೂಗಿಸಿಕೊಳ್ಳೋದು. ಅವರಿಗೂ ಮುಖ ಉಳೀತದೆ."

ಆಕೆ ಬಾಗಿಲ ಬಳಿ ಕೂತರು. "ನಮ್ಮ ಮನೆಯವರ ತಿಥಿ ಮುಗಿದ ದಿನ ಭಾವ ಬಂದು ಕೋವಿ ತಗೊಂಡರು. ಎಂತ ಹೇಳಿದರು ಗೊತ್ತುಟ್ಟಾ? 'ಇನ್ನು ಈ ಮನೆಯಲ್ಲಿ ಇರೋದೆಲ್ಲ ನನ್ನ ಹೆಸರಿನಲ್ಲಿ' ಅಂದರು. ಆಗ ಮನೆಯಲ್ಲಿ ಇದ್ದದ್ದು ನಾನು, ಎರಡು ಮಡಕೆ, ಒಂದು ನಾಯಿಮರಿ. ಮಡಕೆಗೆ ಹೆಸರಿಟ್ಟರೆ ಕರೆದಾಗ ಬಾದಿಲ್ಲೆ. ಅದಕ್ಕೇ ಮರಿಗೆ ಇಟ್ಟೆ. ಭಾವ ಹೇಳಿದ ಹಾಗೇ ಮಾಡಿದ್ದೇನಲ್ಲ ಮೇಷ್ಟ್ರೆ, ಅವರಿಗೆ ಯಾಕೆ ಬೇಜಾರು?"

ಅಂದು ಮೊದಲ ಸಲ ನನ್ನ ಅಭಿಪ್ರಾಯ ನನಗೇ ಹೊಲಸಾಗಿ ಕಂಡಿತು.

ಬೇಟೆಗೆ ನಾನೂ ಹೋದೆ. ಹೋದೆ ಅಂದರೆ, ಎಲ್ಲರಿಗಿಂತ ಮೊದಲು ಒಂದು ಹಲಸಿನ ಮರ ಹತ್ತಿ ಕೂತೆ. ಬೊಳ್ಳಮ್ಮ ಹೆಸರು ಬದಲಿಸದೆಯೇ ಕಳಿಸಿದ್ದ ಕೆಂಚು ನಾಯಿಯನ್ನು ಹಗ್ಗ ಹಿಡಿದು ತಂದವನು ಕರಿಯ. ಪಟೇಲರ ಹೆಸರು ಅವನ ನಾಲಿಗೆಯ ಮೇಲೆ ಬರುವ ಪ್ರಶ್ನೆಯೇ ಇಲ್ಲ. ಪಾಪ, ಅವನು ನಾಯಿಗೂ "ಬನ್ನಿ ಅಯ್ಯಾ, ಹೀಗೆ ಬನ್ನಿ" ಅನ್ನುತ್ತಿದ್ದ.

ಹಂದಿ ಎದ್ದಿತು. ಪಟೇಲರು ಗುಂಡು ಹೊಡೆದರು, ಅದು ಮತ್ತಿ ಮರಕ್ಕೆ ಬಿತ್ತು. ಹಂದಿ ತಿರುಗಿತು. ಪಟೇಲರು ಹಿಂದೆ ಹಿಂದೆ ಹೆಜ್ಜೆ ಇಡುತ್ತ ಕಡಂಗಕ್ಕೆ ಬಿದ್ದರು. ಕಡಂಗ ಅಂದರೆ ರಾಜರ ಕಾಲದಲ್ಲಿ ಶತ್ರು ಬರಬಾರದೆಂದು ತೋಡಿದ ಆಳವಾದ ಕಂದಕ. ಶತ್ರುವಿನ ಬದಲು ಪಟೇಲರು ಒಳಗೆ, ಕೋವಿ ಹೊರಗೆ. ಹಂದಿ ಇನ್ನೊಂದು ಬದಿಯಿಂದ ಇಳಿದು ಅವರ ಎದುರೇ ನಿಂತಿತು. ಪೂವಯ್ಯ ಕೋವಿ ಹಿಡಿದು ಓಡಿ ಬಂದನಾದರೂ ಪಟೇಲರಿಗೂ ಹಂದಿಗೂ ನಡುವೆ ಗುಂಡಿಗೆ ಜಾಗವಿರಲಿಲ್ಲ.

ಕೆಂಚು ನಾಯಿ ಹಗ್ಗ ಕಿತ್ತುಕೊಂಡು ಬಂದು ಕಡಂಗದ ಅಂಚಿನಲ್ಲಿ ನಿಂತಿತು. ಮೈಯೆಲ್ಲ ನಡುಗುತ್ತಿದ್ದರೂ ನುಗ್ಗಲಿಲ್ಲ. ಕಲಿತ ಪಾಠ ಕಲಿತದ್ದೇ.

"ಏ ನಾಯಿ," ಎಂದರು ಪಟೇಲರು. ನಾಯಿ ಅವರನ್ನು ನೋಡಿತು. "ಬಾ, ಹಿಡಿ. ಕರಿಯಾ!" ಹಿಂದಿನ ಪೊದೆಯಿಂದ ಕರಿಯ "ಬಂದೆ ಅಯ್ಯಾ" ಅಂದ, ಬರಲಿಲ್ಲ. ನಾನಾದರೂ ಕೂಗಬಹುದಿತ್ತು. ನನ್ನ ಬಾಯಿಂದ ಹೊರಟದ್ದು "ಪಟೇಲ್ರೇ, ಹುಷಾರು" ಎಂಬ ಉಪಯೋಗಕ್ಕೆ ಬಾರದ ಮಾತು. ಹಂದಿ ತಲೆ ತಗ್ಗಿಸಿತು.

"ಉತ್ತಯ್ಯಾ," ಎಂದು ಕೂಗಿದರು ಪಟೇಲ ಉತ್ತಯ್ಯ. "ಉತ್ತಯ್ಯಾ, ಬಾರೋ. ನನ್ನಪ್ಪ ಉತ್ತಯ್ಯ, ಬಾರೋ."

ನಾಯಿ ಒಂದೇ ನೆಗೆತಕ್ಕೆ ಹಂದಿಯ ಕಿವಿ ಹಿಡಿದು ಪಕ್ಕಕ್ಕೆ ಎಳೆಯಿತು. ಪೂವಯ್ಯನ ಗುಂಡು ಅಷ್ಟು ಹತ್ತಿರದಿಂದ ತಪ್ಪುವಂತಿರಲಿಲ್ಲ. ನಾಯಿಯ ಭುಜದಲ್ಲಿ ಒಂದು ಗೇಣು ಸೀಳು ಬಿದ್ದಿತ್ತು. ಪಟೇಲರ ಮೈಮೇಲೆ ಕೆಸರು ಬಿಟ್ಟರೆ ಏನೂ ಇರಲಿಲ್ಲ. ಕರಿಯ ನಾಯಿಯನ್ನು ಹೆಗಲ ಮೇಲೆ ಹೊತ್ತು ತಂದ.

ಮಧ್ಯಾಹ್ನ ಹಬ್ಬಕ್ಕೆ ಊರೆಲ್ಲ ಸೇರುವ ಮಂದೆಯ ಬಯಲಿನಲ್ಲಿ ಎಲೆಗಳನ್ನು ಹಾಸಿದರು. ಹೆಂಗಸರು ಬರುವ ಜಾಗವಲ್ಲದಿದ್ದರೂ ಬೊಳ್ಳಮ್ಮ ಒಂದು ಬುಟ್ಟಿ ಹಿಡಿದು ಅಂಚಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ಅರಿಸಿನ ಮೆತ್ತಿದ ನಾಯಿ. ಕೋವಿ ಪಾಲು ಮುಗಿಯಿತು, ಕಾಡು ಎಬ್ಬಿಸಿದವರ ಪಾಲು ಮುಗಿಯಿತು. ನಾಯಿ ಪಾಲಿನ ಒಂದು ಎಲೆ ಉಳಿಯಿತು. ಕಾಡಿನಲ್ಲಿ ಕೂಗಿದ್ದನ್ನು ಇಡೀ ಊರು ಕೇಳಿದ್ದರಿಂದ ಈಗ ಹೆಸರಿಗೆ ನಾಚುವುದರಲ್ಲಿ ಅರ್ಥವಿರಲಿಲ್ಲ.

"ಉತ್ತಯ್ಯ," ಎಂದರು ಪಟೇಲರು. ನಾಯಿ ಎದ್ದು ನಿಂತಿತು. ಪಟೇಲರು ಹಳೆಯ ಚಾಳಿ ಬಿಡದೆ, "ಉತ್ತಯ್ಯನ ಮನೆ" ಎಂದು ಮುಗಿಸಿ ಎಲೆಯ ಕಡೆ ಕೈ ತೋರಿಸಿದರು. ನನ್ನ ಮೈ ಉರಿದುಹೋಯಿತು. ಇಂಥ ಜೀವವನ್ನು ಉಳಿಸಲು ಆ ನಾಯಿ ಭುಜ ಸೀಳಿಸಿಕೊಂಡಿತಲ್ಲ ಎಂದು ಸಂಕಟವಾಯಿತು. ಬೊಳ್ಳಮ್ಮನ ಮುಖ ಬಿಳಿಚಿಕೊಂಡಿತ್ತು. ಹೆಸರನ್ನು ತಾನೇ ಕೊಟ್ಟು ಪಾಲನ್ನೂ ತಾನೇ ಕೊಟ್ಟಂತಾಯಿತು ಎಂದು ಆಕೆಗೆ ಹೊಳೆದಿರಬೇಕು.

ಪಟೇಲರ ಮನೆಯ ಪಾಲು ಹೊರುವುದು ಕರಿಯನ ಕೆಲಸ. ಅವನು ಮುಂದೆ ಬಂದು, ಬಗ್ಗಿ, ತುಂಬಾ ಮರ್ಯಾದೆಯಿಂದ ಕೇಳಿದ: "ನಾಯಿ ಪಾಲು ನಿಮ್ಮ ಮನೆಗೆ ಒಯ್ಯಲಾ ಅಯ್ಯಾ? ನೀವೇ ಉಣ್ತೀರಾ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಪಟೇಲರು ಬಚಾವಾಗುತ್ತಿದ್ದರು. ಪೂವಯ್ಯ ಕೂಡ ಆಕಾಶ ನೋಡುತ್ತಿದ್ದ. ಪಟೇಲರು ಒಮ್ಮೆ ಎಲೆ ನೋಡಿದರು, ಒಮ್ಮೆ ನಾಯಿ ನೋಡಿದರು.

"ನಾಯಿ, ಉತ್ತಯ್ಯ. ಮನೆ, ದೇರಪ್ಪನ ಮನೆ."

"ಓ," ಎಂದರು ಬೊಳ್ಳಮ್ಮ. ಸಣ್ಣ ದನಿ. ನಾಲ್ಕು ವರ್ಷ ಅಷ್ಟು ಜೋರಾಗಿ ಕೂಗಿದ ಗಂಟಲು ಅದೇ ಎಂದು ನಂಬಲು ಕಷ್ಟವಾಯಿತು. ಎಲೆ ಎತ್ತಿ ಬುಟ್ಟಿಗೆ ಇಟ್ಟುಕೊಂಡು ನಾಯಿಯ ನಡಿಗೆಗೆ ತಕ್ಕಂತೆ ನಿಧಾನವಾಗಿ ಮನೆ ಕಡೆ ಹೋದರು.

ಮಾರನೆಯ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದೆ. ಪೂವಯ್ಯನಿಗೆ, ಶ್ಯಾನುಭೋಗನಿಗೆ ಎಂದಿನಂತೆ ಮಂಗಳಾರತಿ ಆಯಿತು. ಉತ್ತಯ್ಯನನ್ನು ಮಾತ್ರ ಕರೆಯಲಿಲ್ಲ. ಗಂಜಿಯ ತಟ್ಟೆ ಕೆಳಗಿಟ್ಟು, ಬೊಳ್ಳಮ್ಮ ಕೆಂಚು ನಾಯಿಗೆ ಹೊಸ ಹೆಸರು ಕೂಗಿದರು. "ದೇರಪ್ಪ."

ನನ್ನ ಕೈಯ ಬೇವಿನ ಕಡ್ಡಿ ಕೆಳಗೆ ಬಿತ್ತು. ಇಪ್ಪತ್ತು ವರ್ಷ ಸಂಸಾರ ಮಾಡಿ ಒಮ್ಮೆಯೂ ಆಡದ ಹೆಸರು ಅದು. ಬಾಯಿ ಮುಚ್ಚಿಕೊಂಡಿರಬೇಕಿತ್ತು, ಆದರೆ ನಾನು ಮೇಷ್ಟ್ರು.

"ಬೊಳ್ಳಕ್ಕ, ನೀವು ಹೆಸರಿಡೋದು ಅನ್ಯಾಯ ಮಾಡಿದವರದ್ದು ಅಲ್ವಾ? ಅವರೇನು ಮಾಡಿದರು?"

ಆಕೆ ಬಗ್ಗಿ ನಾಯಿಯ ಗಾಯಕ್ಕೆ ಅರಿಸಿನ ಹಚ್ಚುತ್ತಿದ್ದರು. ತಲೆ ಎತ್ತಲಿಲ್ಲ.

"ನನ್ನ ಒಬ್ಬಳನ್ನೇ ಬಿಟ್ಟು ಹೋದರಲ್ಲ ಮೇಷ್ಟ್ರೆ," ಅಂದರು. ಆಮೇಲೆ ನಾಯಿಯ ಕಡೆ ತಿರುಗಿ, "ದೇರಪ್ಪ, ಗಂಜಿ ತಣ್ಣಗಾಗ್ತದೆ, ಉಣ್ಣು."