ಅಪ್ಪ ಬಿಚ್ಚಿದ ಪಂಪ್ ಬಂದೂಕು

ಮಕ್ಕಳೇ, ಇವತ್ತು ಟ್ರಾಕ್ಟರು ರಿಪೇರಿಗೆ ಬಂದವರು ಬೋಲ್ಟುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದ್ದರು. ಆ ವಾಸನೆ ನನ್ನನ್ನು ಅಕ್ಕಿಹೆಬ್ಬಾಳಿನ ನಮ್ಮ ಹಳೇ ಮನೆಯ ಜಗುಲಿಗೆ ಕರೆದೊಯ್ದಿತು.

ನನ್ನ ಚಿಕ್ಕಂದಿನಲ್ಲಿ ಒಂದು ವರ್ಷ ಕಾಡುಹಂದಿಗಳು ನಮ್ಮ ಕಬ್ಬನ್ನು ಮಲಗಿಸುತ್ತಿದ್ದವು. ಅದೇ ಹೊತ್ತಿಗೆ ತಾತನ ಕಾಲದ ಲೈಸೆನ್ಸ್ ಬಂದೂಕು ಕೈಕೊಟ್ಟಿತ್ತು. ನಳಿಗೆಯ ಕೆಳಗಿನ ಹಿಡಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ತೋಟಾ ಬದಲಾಗಬೇಕು. ಹಿಡಿ ಅಲುಗುತ್ತಲೇ ಇರಲಿಲ್ಲ. ಊರವರು ಅದನ್ನು ಪಂಪ್ ಬಂದೂಕು ಅನ್ನುತ್ತಿದ್ದರು. ಅಪ್ಪ ಗದ್ದೆಯ ಪಂಪ್‌ಸೆಟ್ ಬಿಚ್ಚಿದವರೇ ಹೊರತು ಬಂದೂಕು ಬಿಚ್ಚಿದವರಲ್ಲ.

“ಅದೂ ಪಂಪು, ಇದೂ ಪಂಪು. ಎಲ್ಲೋಯ್ತದೆ?” ಅಂದರು ಅಪ್ಪ.

“ತಪ್ಪು ಜೋಡ್ಸಿ ಮಕದ್ ಮುಂದೆ ಸಿಡಿದ್ಬುಟ್ರೆ ಏನ್ ಗತಿ?” ಅವ್ವ ಬಾಗಿಲು ಬಿಟ್ಟು ಕದಲಲಿಲ್ಲ.

ಒಳಗೆ ತೋಟಾ ಇಲ್ಲವೆಂದು ಎರಡೆರಡು ಸಲ ನೋಡಿ, ಅಪ್ಪ ಜಗುಲಿಯಲ್ಲಿ ಹಾಸಿದ ಪಂಚೆಯ ಮೇಲೆ ಒಂದೊಂದೇ ಭಾಗ ಬಿಚ್ಚಿಟ್ಟರು. ಒಳಗೇನಿದೆಯೋ ಅಂತ ನಾನು ಕತ್ತು ಚಾಚಿದೆ. ಆ ಭಾಗಗಳನ್ನು ತೊಳೆದ ಸೀಮೆಎಣ್ಣೆ ಕೆಂಪಗಾಯಿತು. ತುಕ್ಕಿರಬೇಕು ಅಂದುಕೊಂಡೆವು. ಅಪ್ಪ ಬೆರಳಲ್ಲಿ ಉಜ್ಜಿ ನೋಡಿದರೆ, ಹರಳೆಣ್ಣೆಯಲ್ಲಿ ಗಟ್ಟಿಯಾದ ಕುಂಕುಮ! ಪ್ರತಿ ಆಯುಧಪೂಜೆಗೂ ಅವ್ವ ಸಂದುಗೊಂದಿಗೆಲ್ಲ ಹಾಕಿದ್ದು.

“ನಿನ್ ಭಕ್ತಿನೇ ಸಿಕ್ಕಾಕ್ಕೊಂಡಿತ್ತು ಕಣೇ!”

“ಹಂದಿಗೋಳು ಬದುಕ್ಕಂಡ್ವಲ್ಲ, ನಂಗೆ ಪುಣ್ಯ ಬಂತು ಬುಡಿ.”

ಜೋಡಿಸಿದ ಮೇಲೆ ಹಿಡಿ ಸರಕ್ಕನೆ ಜಾರಿತು. ಸಂಜೆ ಅಪ್ಪ ಕಬ್ಬಿನ ಬದುವಿನಲ್ಲಿ ನಿಂತು ಆಕಾಶಕ್ಕೊಂದು ಗುಂಡು ಹಾರಿಸಿದರು. ಹಂದಿಗಳು ಓಡಿದ್ದನ್ನು ಅವ್ವ ನೋಡಲೇ ಇಲ್ಲ, ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಈಗ ಬಂದೂಕು ನನ್ನ ತಮ್ಮನ ಮನೆಯಲ್ಲಿದೆ. ಪೂಜೆ ತಪ್ಪಿಲ್ಲ. ಕುಂಕುಮ ಮಾತ್ರ ಭುಜಕ್ಕೊರಗಿಸುವ ಹಿಂಬದಿಯ ಮರದ ಭಾಗಕ್ಕೆ, ಒಂದೇ ಬೊಟ್ಟು.