ರೈಟರ್ ಪರಮೇಶಪ್ಪನವರ ಮದುಮಗ

ಆನೆಗಳ ಮೇಲೆ ನನಗೆ ಒಂದಿಷ್ಟೂ ಪ್ರೀತಿಯಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸಿದ್ದಾಪುರದಿಂದಾಚೆ ಒಂದು ಕಾಫಿ ಎಸ್ಟೇಟಿನಲ್ಲಿ ಜೀಪು ಓಡಿಸುವವನು ನಾನು. ಹುಟ್ಟಿದ್ದು ಸಂಪಾಜೆಯಲ್ಲಿ, ಹೊಟ್ಟೆಪಾಡು ಇಲ್ಲಿ. ಇಷ್ಟು ವರ್ಷ ನನ್ನ ಪಕ್ಕದ ಸೀಟಿನಲ್ಲಿ ಕೂತು ಬಂದವರು ರೈಟರ್ ಪರಮೇಶಪ್ಪ. ಅವರಿಗೂ ಆನೆಗಳ ಮೇಲೆ ಪ್ರೀತಿಯಿರಲಿಲ್ಲ. ಆದರೂ ನಮ್ಮ ಸುತ್ತಮುತ್ತ ಅವರಷ್ಟು ಆನೆ ಫೋಟೋ ತೆಗೆದವರು ಇನ್ನೊಬ್ಬರಿಲ್ಲ.

ರೈಟರ್ ಎಂದರೆ ಕತೆ ಕವನ ಬರೆಯುವವರೆಂದು ತಿಳಿಯಬೇಡಿ. ಆಳುಗಳ ಹಾಜರಿ ಹಾಕುವುದು, ಯಾರು ತೋಟದ ಯಾವ ಬ್ಲಾಕಿಗೆ ಹೋಗಬೇಕೆಂದು ಹೇಳುವುದು, ಕೆಲಸ ಹಿಂದೆ ಬಿದ್ದರೆ ಧಣಿಗಳಿಂದ ಬೈಸಿಕೊಳ್ಳುವುದು, ಇಷ್ಟೇ. ಪರಮೇಶಪ್ಪನವರ ತಂದೆ ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆ ನಿಂತವರು. ಮಗ ಹೊಲ ಬಿಟ್ಟು ಎಸ್ಟೇಟು ಸೇರಿದರು. ಮೀಸೆ ಕಪ್ಪಗಿದ್ದಾಗ ಸೇರಿದವರು, ಈಗ ಮೀಸೆಯೂ ಬೆಳ್ಳಗಾಗಿದೆ, ಮಂಡಿಯೂ ಹೋಗಿದೆ. ಜೀಪಿನಿಂದ ಇಳಿಯುವಾಗಲೆಲ್ಲ "ಅಯ್ಯೋ ಶಿವನೇ" ಎನ್ನದೆ ಕಾಲು ನೆಲಕ್ಕೆ ಇಟ್ಟವರಲ್ಲ.

ಅವರ ಕೈಗೆ ಕ್ಯಾಮೆರಾ ಬಂದದ್ದು ಹವ್ಯಾಸದಿಂದಲ್ಲ, ಅನುಮಾನದಿಂದ. ತೋಟದೊಳಗೆ ಆನೆ ನಿಂತಿದ್ದರೆ ಆ ಬ್ಲಾಕಿಗೆ ಆಳು ಕಳಿಸುವಂತಿಲ್ಲ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗ್ ಸಮಯದಲ್ಲಿ ಇದು ವಾರಕ್ಕೆ ನಾಲ್ಕು ಸಲ ಆಯಿತೆಂದರೆ ಮಡಿಕೇರಿಯಲ್ಲಿ ಕೂತ ಧಣಿಗಳಿಗೆ ಬೇರೆಯೇ ಯೋಚನೆ. "ಏನ್ ಪರಮೇಶಪ್ಪ, ದಿನಾ ಆನೆಯಾ? ಆನೆ ಉಂಟು ಅಂದ್ರೆ ಫೋಟೋ ಕಳಿಸಿ" ಎಂದುಬಿಟ್ಟರು. ಮೊಬೈಲಿನಲ್ಲಿ ತೆಗೆದರೆ ಮಂಜಿನಲ್ಲಿ ಆನೆಯೂ ಒಂದೇ, ಬಂಡೆಯೂ ಒಂದೇ. ಕೊನೆಗೆ ಧಣಿಗಳೇ ತಮ್ಮ ಹಳೆಯ ದೊಡ್ಡ ಕ್ಯಾಮೆರಾ ಕೊಟ್ಟರು. ಹೀಗೆ, ನಾವು ಸುಳ್ಳು ಹೇಳುತ್ತಿಲ್ಲ ಎಂದು ತೋರಿಸುವುದಕ್ಕೆ ಶುರುವಾದ ಫೋಟೋಗ್ರಫಿ ಅದು.

ಬೆಳಕು ಹರಿಯುವ ಹೊತ್ತಿಗೆ ನಾವಿಬ್ಬರೂ ಹೊರಡುತ್ತಿದ್ದೆವು. ಕೆರೆ, ಬಿದಿರು ಮೆಳೆ, ಹಲಸಿನ ಮರಗಳ ಸಾಲು, ಹೀಗೆ ಒಂದು ಸುತ್ತು. ಆನೆ ಕಂಡರೆ ಅವರು ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು ಫೋಟೋ ತೆಗೆಯುವುದು, ನಾನು ಎಂಜಿನ್ ಆಫ್ ಮಾಡದೆ ಗೇರಿನ ಮೇಲೆ ಕೈಯಿಟ್ಟು ದೇವರನ್ನು ನೆನೆಯುವುದು. ಆ ಫೋಟೋ ಕ್ಯಾಮೆರಾದಿಂದ ಅವರ ಫೋನಿಗೆ ಬಂದು, ಆಳುಗಳ ಮನೆಸಾಲಿನ, ಅಂದರೆ ಲೈನಿನವರ ವಾಟ್ಸಾಪ್ ಗುಂಪಿಗೆ ಹೋಗಬೇಕು. "ಕೆರೆ ಬ್ಲಾಕಿಗೆ ಯಾರೂ ಹೋಗಬೇಡಿ." ಅದಾದ ಮೇಲೆಯೇ ಹೆಂಗಸರು ಚೀಲ ಸೊಂಟಕ್ಕೆ ಕಟ್ಟುತ್ತಿದ್ದದ್ದು. ಪಕ್ಕದ ರೆಸಾರ್ಟಿಗೆ ಬರುವವರು ಗನ್ನಿನಷ್ಟುದ್ದದ ಲೆನ್ಸ್ ಹಿಡಿದು, ಒಂದಾದರೂ ಆನೆ ಸಿಗಲಿ ಎಂದು ಹರಕೆ ಹೊರುತ್ತಿದ್ದರು. ನಮ್ಮ ರೈಟರು ಮಂಕಿ ಟೋಪಿ ಎಳೆದುಕೊಂಡು, "ಇವತ್ತೊಂದಿನ ಯಾವುದೂ ಸಿಗದೆ ಇರ್ಲಪ್ಪ. ಸಾಕಾಗೋಗಿದೆ ಕಣೋ ಸುನಿಲಾ" ಎನ್ನುತ್ತಿದ್ದರು. ನನಗೂ ಸಾಕಾಗಿತ್ತು.

ಆನೆಗಳಲ್ಲಿ ಹೆಚ್ಚಿನವು ಜೀಪಿನ ಸದ್ದಿಗೆ ಮೆಳೆಯೊಳಗೆ ಕರಗಿಬಿಡುತ್ತವೆ. ಕೆಲವು ನುಗ್ಗಿ ಬರುತ್ತವೆ. ಎರಡೂ ಜಾತಿಯವು ಸರಿಯಾಗಿ ಫೋಟೋಕ್ಕೆ ಸಿಗುವುದಿಲ್ಲ. ಬಾಲ ಬರುತ್ತದೆ, ಇಲ್ಲವೇ ಎಲ್ಲವೂ ಅಲ್ಲಾಡಿಹೋಗಿರುತ್ತದೆ. ಆದರೆ ಒಂದು ಗಂಡಾನೆ ಮಾತ್ರ ನಿಲ್ಲುತ್ತಿತ್ತು. ಎಡಗಿವಿಯ ತುದಿ ಹರಿದ, ಸೊಗಸಾದ ದಂತದ ಆನೆ. ಜೀಪು ಕಂಡರೆ ಮೇಯುವುದನ್ನು ಬಿಟ್ಟು ತಿರುಗಿ, ನೆಟ್ಟಗೆ ನಿಂತು, ರೈಟರು ಕ್ಯಾಮೆರಾ ಇಳಿಸುವವರೆಗೂ ಕದಲುತ್ತಿರಲಿಲ್ಲ. ಆಮೇಲೆ ತನ್ನ ಪಾಡಿಗೆ ಹೋಗುತ್ತಿತ್ತು. ಲೈನಿನ ಹೆಂಗಸರು ಅದಕ್ಕೆ ಮದುಮಗ ಎಂದು ಹೆಸರಿಟ್ಟರು. ಮೊದಲು ಹಾಗೆ ಕರೆದವಳು ಸೋಮಿಯೇ ಇರಬೇಕು. ನಮ್ಮ ತೋಟದ ಆಳು ಬೊಮ್ಮನ ಹೆಂಡತಿ ಆಕೆ, ಪಿಕ್ಕಿಂಗಿನಲ್ಲಿ ಎತ್ತಿದ ಕೈ, ಬಾಯಿಯೂ ಜೋರು. "ರೈಟ್ರೇ, ಇವತ್ತು ಮದುಮಗ ಬಂದಿದ್ನಾ? ಹೆಣ್ಣಿನ ಕಡೆಯವ್ರು ನಾವು, ಹೋಗ್ಬೋದಾ?" ಎಂದು ಹಾಜರಿ ಹೊತ್ತಿಗೆ ಎಲ್ಲರನ್ನೂ ನಗಿಸುತ್ತಿದ್ದಳು. ರೈಟರು ಮಾತ್ರ ನಗುತ್ತಿರಲಿಲ್ಲ. ಮೀಸೆ ಅಲ್ಲಾಡುತ್ತಿತ್ತು, ಅಷ್ಟೇ.

ಆ ಫೋಟೋಗಳು ಗುಂಪಿನಿಂದ ಗುಂಪಿಗೆ ಹಾರಿದವು. ರೆಸಾರ್ಟಿನವರು ಒಂದನ್ನು ದೊಡ್ಡದು ಮಾಡಿಸಿ ಊಟದ ಹಾಲಿನಲ್ಲಿ ಹಾಕಿದರು. ಪೇಪರಿನಲ್ಲೂ ಒಮ್ಮೆ ಬಂತು. ರೈಟರು ಆ ಪೇಪರನ್ನು ನೋಡಿ ಮಡಚಿ, ಸ್ಟೋರಿನ ಕಿಟಕಿಗೆ ಗಾಳಿ ಬರದಂತೆ ಸಿಕ್ಕಿಸಿದರು.

ಕಳೆದ ಪಿಕ್ಕಿಂಗಿನ ನಡುವೆ ಸೋಮಿ ಸತ್ತಳು. ನಾವು ಸುತ್ತು ಹೊರಡುವ ಮೊದಲೇ, ಲೈನಿನ ಹಿಂದಿನ ನಲ್ಲಿಗೆ ನೀರು ತರಲು ಹೋಗಿದ್ದಳು. ಮಂಜು ಎಷ್ಟಿತ್ತೆಂದರೆ ನಮ್ಮ ಕೈ ನಮಗೆ ಕಾಣುತ್ತಿರಲಿಲ್ಲ. ಒಂದು ಕೂಗು ಕೇಳಿತು, ಬಿಂದಿಗೆ ಉರುಳಿದ್ದು ಕೇಳಿತು. ಓಡಿದವರಿಗೆ ಸಿಕ್ಕಿದ್ದು ಸೋಮಿ ಮತ್ತು ಹೆಜ್ಜೆ ಗುರುತು. ಆನೆಯನ್ನು ಯಾರೂ ನೋಡಲಿಲ್ಲ. ಬೊಮ್ಮನೂ ನೋಡಲಿಲ್ಲ.

ಹೊತ್ತೇರುವಷ್ಟರಲ್ಲಿ ಗೇಟಿನ ಹತ್ತಿರ ಅಕ್ಕಪಕ್ಕದ ಎಸ್ಟೇಟಿನವರೆಲ್ಲ ಸೇರಿದರು. ಆನೆ ಹಿಡಿಯುತ್ತೇವೆಂದು ಅರಣ್ಯ ಇಲಾಖೆಯವರು ಮಾತು ಕೊಡುವವರೆಗೆ ಹೆಣ ಎತ್ತುವುದಿಲ್ಲ ಎಂದರು. ಸಿಟ್ಟು ನ್ಯಾಯವಾದದ್ದೇ. ನಾನೂ ಅವರ ಜೊತೆಯೇ ಕೂಗಿದೆ. ಬಂದ ಅಧಿಕಾರಿ, ಪಾಪ, ಸಮಾಧಾನದ ಮನುಷ್ಯ. "ಯಾವ ಆನೆ?" ಎಂದು ಕೇಳಿದರು. ಆಗ ಒಬ್ಬೊಬ್ಬರ ಜೇಬಿನಿಂದಲೂ ಫೋನು ಹೊರಗೆ ಬಂತು. ಎಲ್ಲದರಲ್ಲೂ ಒಂದೇ ಫೋಟೋ. ನೆಟ್ಟಗೆ ನಿಂತ ಮದುಮಗ.

"ಇದೇ, ಇದೇ. ದಿನಾ ಇಲ್ಲೇ ತಿರುಗ್ತದೆ" ಎಂದರು.

ಅಧಿಕಾರಿ ರೈಟರ ಕಡೆ ತಿರುಗಿದರು. ರೈಟರು, "ಯಾರೂ ನೋಡಿಲ್ಲ ಸಾರ್. ಇದೇ ಅಂತ ನಾನು ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ. ಈ ತೋಟಕ್ಕೆ ಬರೋ ಗಂಡು ಇದೊಂದೇ ಅಲ್ಲ" ಎಂದರು.

"ಬೇರೆಯವುಗಳ ಫೋಟೋ ಉಂಟಾ?"

ಇರಲಿಲ್ಲ. ಬಾಲಗಳಿದ್ದವು. ಯಾರೋ ಹಿಂದಿನಿಂದ, "ಹೆಂಗಸು ಸತ್ತಿದ್ದಾಳೆ, ಇವರಿಗೆ ಆನೆ ಮೇಲೆ ಕರುಣೆ" ಎಂದರು. ಅಂದಿನಿಂದ ಅವರು ಹಾಜರಿಗೆ ನಿಂತರೆ ಹೆಂಗಸರು ಮುಖ ಎತ್ತದೆ ಹೆಸರು ಹೇಳಿ ಹೋಗುತ್ತಿದ್ದರು. ಸುಮ್ಮನಿದ್ದರೆ ಮದುಮಗ ಹೋಗುತ್ತದೆ, ಬಾಯಿ ಬಿಟ್ಟರೆ ಜನ ದೂರ ಹೋಗುತ್ತಾರೆ. ಆ ಮನುಷ್ಯ ಈ ಎರಡರ ನಡುವೆ ಸಿಕ್ಕಿಕೊಂಡದ್ದನ್ನು ಪಕ್ಕದ ಸೀಟಿನಲ್ಲಿ ಕೂತು ನೋಡುವುದು ನನಗೆ ಕಷ್ಟವಾಯಿತು.

ಹಿಡಿಯಲು ಆದೇಶ ಬಂತು. ಇಲಾಖೆಯ ಆನೆ ಶಿಬಿರದಿಂದ ಸಾಕಾನೆಗಳು ಲಾರಿಯಲ್ಲಿ ಬಂದಿಳಿದವು. ಗುರುತು ಹಿಡಿಯಲು ರೈಟರೇ ಬರಬೇಕೆಂದರು. "ಹೋಗ್ಬೇಡಿ ಅಣ್ಣ, ಮಂಡಿ ನೋವು ಅಂತ ಹೇಳಿ, ಮತ್ತೆ ಎಂಥ ಮಾಡ್ತಾರೆ?" ಎಂದೆ ನಾನು.

"ನಾನು ಹೋಗ್ದಿದ್ರೆ ಎದುರಿಗೆ ಸಿಕ್ಕಿದ್ದಕ್ಕೆ ಇಂಜೆಕ್ಷನ್ ಹೊಡೀತಾರೆ ಕಣೋ. ಅದು ಬಸುರಿ ಆನೆಯಾಗಿದ್ರೆ?" ಎಂದರು.

ಅರಿವಳಿಕೆಯ ಬಂದೂಕು ಹಿಡಿದ ಡಾಕ್ಟರು ನಮ್ಮ ಜೀಪಿನ ಹಿಂದಿನ ಸೀಟಿನಲ್ಲೇ ಕೂತರು. ಬೇರೆ ಗಾಡಿ ಕಂಡರೆ ಆನೆ ಸರಿದುಹೋಗಬಹುದು, ನಿಮ್ಮದಾದರೆ ನಿಲ್ಲುತ್ತದೆ ಎಂದರು. ಹೇಳಿದ್ದು ಸರಿಯಾಗಿಯೇ ಇತ್ತು. ಕೆರೆಯ ಆಚೆ ದಡದಲ್ಲಿ, ಸಿಲ್ವರ್ ಓಕ್ ಮರಗಳ ಕೆಳಗೆ ಮದುಮಗ ಸಿಕ್ಕಿತು. ಅಂದು ಮಂಜಿರಲಿಲ್ಲ, ಒಳ್ಳೆಯ ಬಿಸಿಲು. ಡಾಕ್ಟರು ಮೆಲ್ಲಗೆ, "ನೀವು ದಿನಾ ಮಾಡುವ ಹಾಗೇ ಮಾಡಿ" ಎಂದರು.

ರೈಟರು ಬಾಗಿಲು ತೆರೆದರು. ಒಂದು ಕಾಲು ಹೊರಗಿಟ್ಟರು. ಆ ದಿನ "ಶಿವನೇ" ಎನ್ನಲಿಲ್ಲ. ಕ್ಯಾಮೆರಾ ಎತ್ತಿದರು. ಆನೆ ಮೇಯುವುದನ್ನು ಬಿಟ್ಟು ತಿರುಗಿತು, ನೆಟ್ಟಗೆ ನಿಂತಿತು. ಹಿಂದಿನ ಸೀಟಿನಿಂದ ಠಪ್ ಎಂದು ಸಣ್ಣ ಸದ್ದಾಯಿತು, ಅದರ ಮೈ ಒಮ್ಮೆ ನಡುಗಿತು. ಓಡುತ್ತದೆ ಎಂದುಕೊಂಡು ನಾನು ಗೇರು ಹಾಕಿದೆ. ಅದು ಓಡಲಿಲ್ಲ. ರೈಟರು ಕ್ಯಾಮೆರಾ ಇನ್ನೂ ಇಳಿಸಿರಲಿಲ್ಲ. ತೂಕಡಿಕೆ ಬಂದು ಸೊಂಡಿಲು ಜೋಲುವವರೆಗೂ ಆನೆ ನಮ್ಮನ್ನೇ ನೋಡುತ್ತಿತ್ತು. ಆನೆ ಮೇಲೆ ಪ್ರೀತಿಯಿಲ್ಲ ಎಂದೆನಲ್ಲ, ಈಗಲೂ ಇಲ್ಲ. ಆದರೆ ಅಂದು ಮನೆಗೆ ಹೋಗಿ ಅನ್ನ ಸೇರಲಿಲ್ಲ ನನಗೆ.

ಮದುಮಗನನ್ನು ಲಾರಿ ಹತ್ತಿಸಿ ಶಿಬಿರಕ್ಕೆ ಒಯ್ದ ಮೇಲೆ ಲೈನಿನವರಿಗೆ ಉಸಿರು ಬಂದಂತಾಯಿತು. ಹೆಂಗಸರು ಹಾಜರಿಯಲ್ಲಿ ಮತ್ತೆ ಮಾತಾಡತೊಡಗಿದರು. ಕೆಲವರು ಫೋಟೋ ಬರುವುದನ್ನು ಕಾಯದೆ ಚೀಲ ಕಟ್ಟಿಕೊಂಡು ಹೊರಡತೊಡಗಿದರು. ರೈಟರು ಅವರನ್ನು ತಡೆದು ತಡೆದು ಗಂಟಲು ಕೆಡಿಸಿಕೊಂಡರು. ನಮ್ಮ ಸುತ್ತು ನಿಲ್ಲಲಿಲ್ಲ. ಕೆರೆ ಬ್ಲಾಕಿನಲ್ಲಿ ಹೊಸ ಹೆಜ್ಜೆಗಳು ಇದ್ದೇ ಇದ್ದವು, ಹೊಸ ಲದ್ದಿಯೂ ಇತ್ತು. ರೈಟರು ಸೀಟಿಗೆ ಒರಗಿ ಕಣ್ಣು ಮುಚ್ಚಿ, "ಎಷ್ಟಂತ ಫೋಟೋ ತೆಗೀಲಿ ಮಾರಾಯಾ" ಎಂದರು ಒಂದು ದಿನ.

ಒಂದು ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಬೊಮ್ಮ ಸ್ಟೋರಿನ ಜಗಲಿಗೆ ಬಂದ. ತಿಥಿ ಎಲ್ಲ ಮುಗಿಸಿ ಅಂದೇ ಕೆಲಸಕ್ಕೆ ಬಂದಿದ್ದ. ನಾನು ಜೀಪಿನ ಟಯರಿಗೆ ಗಾಳಿ ನೋಡುತ್ತಿದ್ದೆ.

"ಕೆರೆ ಬ್ಲಾಕಿಗೆ ಹಾಕಿ ರೈಟ್ರೇ. ಕಾಯಿ ಜಾಸ್ತಿ ಉಂಟು" ಎಂದ.

"ಬೇಡ ಬೊಮ್ಮ. ಬೆಳಿಗ್ಗೆ ಹೆಜ್ಜೆ ನೋಡಿದೀನಿ. ದೊಡ್ಡದು."

"ಅದನ್ನ ಹಿಡಿದಾಯ್ತಲ್ಲ."

ರೈಟರು ಪೆನ್ನಿಗೆ ಮುಚ್ಚಳ ಹಾಕಿ ಕೆಳಗಿಟ್ಟರು. ಹೌದು ಎಂದುಬಿಟ್ಟರೆ ಬೊಮ್ಮನಿಗೂ ನೆಮ್ಮದಿ, ಇವರಿಗೂ ನೆಮ್ಮದಿ. ಹಾಗೆ ಹೇಳಲಿ ಎಂದು ನಾನೇ ಒಳಗೊಳಗೆ ಬಯಸಿದೆ.

"ಸೋಮಿನ ಕೊಂದದ್ದು ಅದೇ ಅಂತ ನಂಗೆ ಗೊತ್ತಿಲ್ಲ ಬೊಮ್ಮ" ಎಂದರು.

"ಮತ್ತೆ ಅದನ್ನೇ ಯಾಕೆ ಹಿಡಿದ್ರು?"

"ಅದ್ರದ್ದು ಫೋಟೋ ಇತ್ತು."

ಬೊಮ್ಮ ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ರೈಟರ ಫೋನಿನ ಕಡೆ ಕೈ ತೋರಿಸಿ, "ಸೋಮಿದು ಅದ್ರಲ್ಲಿ ಉಂಟಾ?" ಎಂದ. "ಆಧಾರ್ ಕಾರ್ಡಿನದ್ದು ಬಿಟ್ರೆ ಮನೇಲಿ ಇಲ್ಲ. ಅದ್ರಲ್ಲಿ ಅವಳ ಹಾಗೆ ಕಾಣುದಿಲ್ಲ. ಆನೆ ಹಿಂದೆ, ತೋಟದಲ್ಲಿ, ಎಲ್ಲಾದ್ರೂ ದೂರದಲ್ಲಿ ಇದ್ರೂ ಆಗ್ತದೆ."

ರೈಟರು ಕನ್ನಡಕ ಹಾಕಿಕೊಂಡು ಫೋನು ತೆಗೆದರು. ನಾನೂ ಹೋಗಿ ಹಿಂದೆ ನಿಂತೆ. ಬೆರಳಿನಿಂದ ಒಂದೊಂದನ್ನೇ ಸರಿಸಿದರು. ಕೆರೆಯಲ್ಲಿ ಆನೆ, ಕಾಫಿ ಗಿಡಗಳ ನಡುವೆ ಆನೆ, ಹಲಸಿನ ಮರದಡಿ ಆನೆ, ಮಂಜು, ಮತ್ತೆ ಆನೆ. ಒಂದರಲ್ಲೂ ಮನುಷ್ಯರಿರಲಿಲ್ಲ. ಇರುವುದಾದರೂ ಹೇಗೆ? ಅಲ್ಲಿಗೆ ಯಾರೂ ಬರಬಾರದೆಂದೇ ಅವುಗಳನ್ನು ತೆಗೆದದ್ದು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಆದರೂ ಅವರು ಸರಿಸುತ್ತಲೇ ಹೋದರು, ವರ್ಷ ವರ್ಷಗಳ ಹಿಂದಕ್ಕೆ. ಬೊಮ್ಮ ಬಗ್ಗಿ ನೋಡುತ್ತಲೇ ಇದ್ದ.