ಬುಡನ್ ಸಾಬರ ಅಳತೆ

ಗುಬ್ಬಿಯ ನಮ್ಮ ಬೀದಿಯಲ್ಲಿ ಯಾರ ಮನೆಯ ಬಾಗಿಲು ನೆಲಕ್ಕೆ ಉಜ್ಜಿದರೂ ಕರೆಯುತ್ತಿದ್ದುದು ಬಡಗಿ ಬುಡನ್ ಸಾಬರನ್ನೇ. ಕುಳ್ಳಗಿನ ಮನುಷ್ಯ, ಮೆಲುಮಾತು. ಅವರು ಕೂರಿಸಿದ ಬಾಗಿಲಿನ ಸಂದಿಯಲ್ಲಿ ಪೋಸ್ಟ್ ಕಾರ್ಡೂ ತೂರದು ಎನ್ನುತ್ತಿದ್ದರು ಜನ. ಆ ಹೆಸರೇ ಅವರ ಅನ್ನ. ಅದನ್ನು ಕೆಡಿಸಿದವನು ನಾನು.

ನಾನು ನಿವೃತ್ತನಾದದ್ದು ೧೯೯೭ರಲ್ಲಿ. ಆ ವರ್ಷ ನಮ್ಮ ನಾಯಿ ಮೋತಿ ಓಡಾಡಲೆಂದು ಹಿತ್ತಿಲ ಬಾಗಿಲಿನಲ್ಲೊಂದು ಕಿರುಬಾಗಿಲು ಮಾಡಿಸಲು ಅವರನ್ನು ಕರೆದೆ.

“ನಾಯಿಗೂ ಬಾಗ್ಲಾ ಮೇಷ್ಟ್ರೆ? ಕಾಲಿಂಗ್ ಬೆಲ್ಲೂ ಇಡ್ಲಾ?” ಎಂದು ನಕ್ಕರು.

ಅವರು ಟೇಪು ಬಿಚ್ಚಿದೊಡನೆ ಮೋತಿ ಅದನ್ನು ಕಚ್ಚಲು ಹಾರಿತು. ಜೊಲ್ಲು ತಾಗಿದರೆ ನಮಾಜಿಗೆ ಮೊದಲು ಬಟ್ಟೆ ಒಗೆಯಬೇಕೆಂದು ಸಾಬರು ಹಿಂದೆ ಸರಿದು, “ನೀವೇ ಅಳ್ದು ಹೇಳ್ಬುಡಿ” ಎಂದರು. ಟೇಪು ಕಂಡರೆ ನಾಯಿ ನಿಲ್ಲದು. ನಾನು ಅದರ ಭುಜಕ್ಕೆ ಗೇಣು ಹಾಕಿ ನೋಡಿ, “ಅಗಲ ಒಂದು ಗೇಣು ನಾಲ್ಕು ಬೆರಳು” ಎಂದೆ. ಅವರು ತಮ್ಮ ಗೇಣಿನಲ್ಲಿ ಗುರುತು ಹಾಕಿ ಹಲಗೆ ಕೊಯ್ದರು.

ಸಂಜೆ ಮೋತಿ ತಲೆ ತೂರಿಸಿತು. ಭುಜ ಸಿಕ್ಕಿಕೊಂಡು ಕಿರುಚಿತು. ಬೀದಿಯೇ ಸೇರಿತು; ಹಲಗೆ ಒಡೆದು ಬಿಡಿಸಬೇಕಾಯಿತು.

“ಇಷ್ಟು ವರ್ಷ ಕೆಲ್ಸ ಮಾಡಿ ಒಂದು ನಾಯಿ ಅಳತೆ ಗೊತ್ತಾಗ್ಲಿಲ್ವೇನ್ರಿ?” ಎಂದು ಎಲ್ಲರೆದುರು ಕೂಗಾಡಿದೆ. ಸಾಬರು ತಲೆ ತಗ್ಗಿಸಿದರು. ತನ್ನ ಹೊಸ ಮನೆಯ ಬಾಗಿಲುಗಳನ್ನೆಲ್ಲ ಅವರಿಗೇ ಒಪ್ಪಿಸಿದ್ದ ಅಂಜನಮೂರ್ತಿಯೂ ಅಲ್ಲಿದ್ದ. “ನಾಯಿ ಬಾಗ್ಲೇ ಹಿಂಗಾದ್ರೆ ನಮ್ ಗತಿಯೇನಪ್ಪ!” ಎಂದ. ವಾರದೊಳಗೆ ಆ ಕೆಲಸ ಬೇರೆಯವರಿಗೆ ಹೋಯಿತು.

ನಾಯಿ ಸಿಕ್ಕಿಕೊಂಡ ಮರುದಿನವೇ ಒಡೆದ ಹಲಗೆಯ ಮೇಲಿದ್ದ ಸಾಬರ ಗುರುತಿಗೆ ಗೇಣು ಹಾಕಿ ನೋಡಿದೆ. ನನ್ನ ಕೈ ದೊಡ್ಡದು, ಅವರದು ಚಿಕ್ಕದು.

“ಹೋಗಿ ಅಂಜನಮೂರ್ತಿಗೆ ಹೇಳ್ಬಾರ್ದೇನ್ರಿ?” ಎಂದಳು ನನ್ನ ಹೆಂಡತಿ ಕೌಸಲ್ಯ.

“ಹೇಳ್ತೀನಿ ಕಣೇ, ನೋಡೋಣ.”

ಹೇಳಲಿಲ್ಲ. ಮೇಷ್ಟರಿಗೆ ಒಂದು ಗೇಣು ಅಳೆಯಲು ಬರಲಿಲ್ಲ ಎಂದು ಬೀದಿ ನಕ್ಕೀತೆಂಬ ನಾಚಿಕೆ. ಸಾಬರನ್ನು ಕರೆಯುವವರು ಕಡಿಮೆಯಾದರು. ಒಂದು ದಿನ ಮನೆಗೆ ಬೀಗ ಹಾಕಿ ಕುಣಿಗಲ್ಲಿಗೆ ಹೊರಟುಹೋದರು.

ನಾಲ್ಕು ವರ್ಷದ ಮೇಲೆ ಮದುವೆಗೆಂದು ಕುಣಿಗಲ್ಲಿಗೆ ಹೋದವನು ಅವರನ್ನು ಹುಡುಕಿದೆ. ಮರ ಕೊಯ್ಯುವ ಮಿಲ್ಲೊಂದರಲ್ಲಿ ಹಲಗೆ ಹೊರುತ್ತಿದ್ದರು. ತಪ್ಪು ನನ್ನದೆಂದು ಹೇಳಿದೆ.

“ನಾಯಿ ಸಿಕ್ಕಾಕ್ಕೊಂಡಾಗ್ಲೇ ಗೊತ್ತಾಯ್ತು ಮೇಷ್ಟ್ರೆ.”

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ನಮ್ ಮಗ ಫಿರ್ದೋಸ್‌ಗೆ ಅಕ್ಷರ ಕಲಿಸ್ದೋರು ನೀವು. ಬೀದೀಲಿ ನಿಂತ್ಕೊಂಡು ಎದುರು ಮಾತಾಡ್ಲಾ? ನೀವೇ ಹೇಳ್ತೀರಿ ಅಂದ್ಕೊಂಡಿದ್ದೆ.”

ಗುಬ್ಬಿಗೆ ಬನ್ನಿ, ಮನೆಮನೆಗೂ ನಾನೇ ಹೋಗಿ ಹೇಳುತ್ತೇನೆ ಎಂದೆ.

“ಉಳಿ, ಬಾಚಿ ಎಲ್ಲಾ ಕೊಟ್ಬುಟ್ಟೆ ಮೇಷ್ಟ್ರೆ” ಎಂದು ಹಲಗೆಯೊಂದನ್ನು ಹೆಗಲಿಗೇರಿಸಿಕೊಂಡರು. ನಾನು ದಾರಿ ಬಿಟ್ಟು ನಿಂತೆ.